ಮಕ್ಖಿಯೊಳಗಿನ ಅಕ್ಷರ

ಈ ಕಥೆ ಹೇಳುವುದು ನನ್ನ ಅಳವಿಗೆ ಮೀರಿದ್ದು ಎಂಬ ಅಳುಕು ಬರೆಯಲು ಕೂತ ಮೇಲೂ ಹೋಗಿಲ್ಲ. ಕಂಪ್ಯೂಟರ್ ಬಲ್ಲವರಿಗೆ ಇದು ತೀರ ಚಿಕ್ಕ ಸಂಗತಿ ಅನ್ನಿಸೀತು. ಪಾಳಿ ಭಾಷೆ ಬಲ್ಲವರು ತಪ್ಪು ಹುಡುಕಿಯಾರು. ನಿಂಬರ್ಗಾದವರಿಗಂತೂ, ನಮ್ಮ ಮನೆಯ ಮಾತು ಇವರ ಕೈಗೆ ಹೇಗೆ ಹೋಯಿತು ಎಂದು ಕೇಳುವ ಹಕ್ಕಿದೆ. ಎಲ್ಲರ ಕ್ಷಮೆ ಕೇಳಿ, ತಿಳಿದಷ್ಟನ್ನು ತಿಳಿದ ಹಾಗೆ ಹೇಳುತ್ತೇನೆ.

"ಇನ್ನೊಮ್ಮಿ ಓದು, ಯವ್ವಾ," ಎಂದಳು ಸಾಬವ್ವ.

ಮುಮತಾಜ ಕಂಪ್ಯೂಟರಿನ ಪರದೆಯ ಕಡೆ ತಿರುಗಿ ಆ ಸಾಲನ್ನು ಮತ್ತೆ ಓದಿದಳು. ಓದುವಾಗ ಅವಳ ಬಾಯಿಯ ಮುಂದೆ, ತುಟಿಗೆ ಇನ್ನೇನು ತಾಗಬೇಕು ಎಂಬಷ್ಟು ಹತ್ತಿರ, ಸಾಬವ್ವನ ಅಂಗೈ ಇತ್ತು. ತೊಗರಿ ರಾಶಿ ಈಚೆಗಷ್ಟೇ ಮುಗಿದಿತ್ತು. ಅಂಗೈಯ ಗೆರೆಗಳಲ್ಲಿ ಎರೆಮಣ್ಣಿನ ಕಪ್ಪು ಇನ್ನೂ ಕೂತಿತ್ತು.

"ಇಲ್ಲ. ಉಸರು ಬರವಲ್ದು."

"ಬರ್ದಂಗ ಓದೇನಿ ಯವ್ವಾ, ಇಲ್ಲಿ ಹಂಗಾ ಅದ," ಎಂದಳು ಮುಮತಾಜ. ತಪ್ಪು ತನ್ನದೇ ಇರಬೇಕು ಎಂದು ಅವಳಿಗೆ ಆಗಲೇ ಅನ್ನಿಸತೊಡಗಿತ್ತು.

ಸಾಬವ್ವನ ತಮ್ಮ ದತ್ತಪ್ಪ ಗೋಡೆಗೊರಗಿ ನಿಂತಿದ್ದ. ನಿಂಬರ್ಗಾದ ಕನ್ನಡ ಶಾಲೆಯ ಮಾಸ್ತರ. ಹಾಳೆಯನ್ನು ಬರೆದುಕೊಟ್ಟವನು ಅವನೇ. "ಅಕ್ಕಾ, ನಾ ಸರಿ ಬರ್ದೇನಿ," ಎಂದ, ಯಾರೂ ಅವನನ್ನು ಕೇಳದಿದ್ದರೂ.

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಆ ಮುದ್ರಣಾಲಯ ಹಣಮಂತ್ರಾಯನದು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿಯಿತೆಂದು ಅವನು ಹಿಂದಿನ ವರ್ಷವಷ್ಟೇ ಹಳೆಯ ಯಂತ್ರವನ್ನು ಮಾರಿ, ಸೀಸದ ಅಕ್ಷರಗಳನ್ನು ತೂಕಕ್ಕೆ ಹಾಕಿ, ಕಂಪ್ಯೂಟರ್ ತಂದಿದ್ದ. ಇದು ನಡೆದದ್ದು ತೊಂಬತ್ತಾರನೆಯ ಇಸವಿಯಲ್ಲಿ. ಕನ್ನಡ ಮೂಡಿಸುವ ಪ್ಯಾಕೇಜು ಪುಣೆಯ ಒಂದು ಸಣ್ಣ ಕಂಪನಿಯದು. ಅದರ ಜೊತೆ ಬೆರಳುದ್ದದ ಒಂದು ಲಾಕ್ ಬಂದಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಕನ್ನಡ ತೆರೆಯುತ್ತಲೇ ಇರಲಿಲ್ಲ. ಜೇವರ್ಗಿಯಲ್ಲಿ ಖಾಲಾನ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿದ್ದುಕೊಂಡು ಸಂಜೆಯ ತರಗತಿಯಲ್ಲಿ ಕೆಲಸ ಕಲಿತು ಬಂದ ಮುಮತಾಜ, ದಿನಾ ಕೂಡುವ ಮೊದಲು ಯಂತ್ರದ ಬೆನ್ನ ಹಿಂದೆ ಕೈ ಹಾಕಿ ಆ ಲಾಕ್ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಎದ್ದು ಹೋಗುವಾಗ ಮತ್ತೊಮ್ಮೆ.

ಸಾಬವ್ವನಿಗೆ ಬೇಕಾಗಿದ್ದು ಗೋಡೆಗೆ ತೂಗುಹಾಕುವ ಒಂದು ದೊಡ್ಡ ಹಾಳೆ. ಮೇಲೆ ಬುದ್ಧನ ಚಿತ್ರ, ಕೆಳಗೆ ತ್ರಿಶರಣ, ಪಂಚಶೀಲ. ಅವಳ ಗಂಡ ಅಣ್ಣಾರಾಯ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವಾಗ ಇವನ್ನು ಬಾಯಿಪಾಠ ಮಾಡಿಕೊಂಡು ಬಂದು ಊರ ಹೊರಗಿನ ತಮ್ಮ ಓಣಿಯವರಿಗೆ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಹುಣ್ಣಿಮೆಯ ಸಂಜೆ ವಿಹಾರದಲ್ಲಿ ಮುಂದೆ ಕೂತು ಹೇಳುವವಳು ಸಾಬವ್ವ. ಉಳಿದವರು ಅವಳ ಹಿಂದೆ ಹೇಳುತ್ತಿದ್ದರು. ಪುಸ್ತಕವೊಂದಿತ್ತು, ಮರಾಠಿ ಲಿಪಿಯದು. ಓಣಿಯ ಮಕ್ಕಳಿಗೆ ಆ ಲಿಪಿ ಬಾರದು. ಸಾಬವ್ವನಿಗೆ ಯಾವ ಲಿಪಿಯೂ ಬಾರದು.

ಈಗ ಅವಳ ಗಂಟಲಲ್ಲಿ ಗಂಟಾಗಿತ್ತು. ಬರುವ ತಿಂಗಳು ಸೊಲ್ಲಾಪುರದಲ್ಲಿ ಆಪರೇಷನ್. ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

"ನನ್ನ ಬಾಯಿ ಬಂದ್ ಆದಮ್ಯಾಗ ಗ್ವಾಡಿ ಮಾತಾಡಬೇಕು, ಯವ್ವಾ," ಎಂದು ಸಾಬವ್ವ ನಗುತ್ತಲೇ ಹೇಳಿದ್ದಳು. "ಗ್ವಾಡಿ ತಪ್ಪ ಹೇಳಿದ್ರ ಹುಡುಗೂರು ತಪ್ಪ ಕಲೀತಾವ. ತಿದ್ದಾಕ ನಾ ಇರ್ತೇನಿ, ಖರೆ ದನಿ ಇರಂಗಿಲ್ಲ."

ತಪ್ಪು ಇದ್ದದ್ದು ಒಂದೇ ಶಬ್ದದಲ್ಲಿ. ಐದು ಶೀಲಗಳ ಐದು ಸಾಲಿನಲ್ಲೂ ಬರುವ ಶಬ್ದ ಅದು: ಸಿಕ್ಖಾ. ಪಾಳಿಯಲ್ಲಿ ಕಲಿಯುವುದು ಎಂದರ್ಥ, ಎಂದು ದತ್ತಪ್ಪ ವಿವರಿಸಿದ. ಪರದೆಯ ಮೇಲೆ ಅದು ಸಿಕ್ಕಾ ಎಂದು ಬಂದಿತ್ತು. ಮುಮತಾಜ ಕ ಒತ್ತಿ, ಅದರ ಕೆಳಗೆ ಖ ಇಡಲು ಹೇಳಿದರೆ ಪ್ಯಾಕೇಜು ತಾನಾಗಿಯೇ ಅದನ್ನು ತೆಗೆದು ಕ ಇಡುತ್ತಿತ್ತು. ಉಳಿದ ಎಲ್ಲ ಒತ್ತುಗಳೂ ಬಂದಿದ್ದವು. ಬರೀ ಖ ಕೇಳಿದರೆ ಖ ಬರುತ್ತಿತ್ತು. ಇನ್ನೊಂದು ಅಕ್ಷರದ ಕೆಳಗೆ ಕೂಡು ಎಂದರೆ ಮಾತ್ರ ಇಲ್ಲ.

"ಸಿಕ್ಕಾ ಬೇಕಾದ್ರ ತಹಸೀಲ ಕಚೇರಿಗಿ ಹೋಗ್ರಿ," ಎಂದ ಹಣಮಂತ್ರಾಯ ತನ್ನ ಕುರ್ಚಿಯಿಂದಲೇ, ಲಗ್ನಪತ್ರಿಕೆಗಳ ಕಟ್ಟಿಗೆ ದಾರ ಸುತ್ತುತ್ತ. "ಕಾಗದಕ್ಕ ಸಿಕ್ಕಾ ಹೊಡಿಯೋರು ಅಲ್ಲಿ ಕುಂತಾರ."

"ಭಾಳ ಸಲ ಹೋಗಿ ಬಂದೇನ್ರಿ ಸಾವಕಾರ್ರ," ಎಂದಳು ಸಾಬವ್ವ. "ಸಿಕ್ಕಾ ಅಲ್ಲೂ ಸಿಗಂಗಿಲ್ಲ."

ಹಣಮಂತ್ರಾಯನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಬೇ, ಕ ಏನು, ಎರಡನೇ ಕ ಏನು? ನಮ್ಮ ಸೀಮಿಯವರ ಬಾಯಾಗ ಎರಡೂ ಒಂದಾ. ನಾನೂ ಕತಿ ಅಂತೇನಿ, ಕಾರಾ ಅಂತೇನಿ. ಯಾರಿಗಿ ತಿಳಿಯಂಗಿಲ್ಲ?"

"ನಿಮ್ಮ ಖಾರಕ್ಕ ಉಸರು ಬ್ಯಾಡ್ರಿ, ಹಂಗಾ ಹತ್ತತದ. ಇದಕ್ಕ ಬೇಕು," ಎಂದು ಸಾಬವ್ವ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು ಆ ಶಬ್ದ ಹೇಳಿ ತೋರಿಸಿದಳು. ದನಿ ಆಗಲೇ ಒಡೆದಿತ್ತು. ಆದರೂ ಕೊನೆಯ ಅಕ್ಷರಕ್ಕೆ ಉಸಿರು ಹೊರಟು ಬಂದದ್ದು ಕೂತವರಿಗೆಲ್ಲ ಕೇಳಿಸಿತು. "ನನ್ನ ಗಂಡ ಹಿಂಗಾ ಕಲಿಸಿದ್ದ. ಒಬ್ಬೊಬ್ಬರ ಬಾಯಿ ಮುಂದ ಕೈ ಹಿಡೀತಿದ್ದ. ಕೈಗಿ ಗಾಳಿ ತಾಕಿದ್ರ ಪಾಸು. ಇಲ್ಲಂದ್ರ ಹುಣಿವಿ ಮುಗಿಯೋತನಾ ಎಬ್ಬಿಸ್ತಿದ್ದಿಲ್ಲ."

ಮುಮತಾಜ ಪರದೆಯ ಕಡೆ ಮುಖ ಮಾಡಿಕೊಂಡು ತನ್ನ ಅಂಗೈಯನ್ನೂ ತುಟಿಯ ಹತ್ತಿರ ತಂದಳು. ಮನೆಯ ಮಾತಿನಲ್ಲಿ ಒಂದು ಶಬ್ದ ನೆನಪಾಗಿತ್ತು. ಮೆಲ್ಲಗೆ ಅಂದು ನೋಡಿದಳು. ಅಂಗೈಗೆ ಬೆಚ್ಚಗೆ ತಾಕಿತು.

"ಯವ್ವಾ, ನಮ್ಮ ಮನ್ಯಾಗ ನೊಣಕ್ಕ ಮಕ್ಖಿ ಅಂತೇವಿ. ಅದ್ರಾಗಿನ ಅಕ್ಷರಾ ಇದು."

"ಅನ್ನು ನೋಡೋಣು." ಸಾಬವ್ವ ಕೈ ಮುಂದೆ ಮಾಡಿದಳು.

"ಮಕ್ಖಿ," ಎಂದಳು ಮುಮತಾಜ.

ಸಾಬವ್ವನ ಮುಖ ಅರಳಿತು. "ಇದಾ. ಇದಾ ನೋಡು ತಮ್ಮಾ. ಎಲ್ಲೂ ಇಲ್ಲಂತಿದ್ರು, ನೊಣದಾಗ ಕುಂತದ."

ದತ್ತಪ್ಪನಿಗೆ ಮುಜುಗರವಾಯಿತೇನೋ. "ಪವಿತ್ರ ಶಬ್ದಕ್ಕ ನೊಣಾ ಯಾಕ ತರ್ತಿ ಅಕ್ಕಾ," ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಮುಮತಾಜಳಿಗೆ, "ಒಂದ ಕೆಲಸಾ ಮಾಡ್ರಿ ತಂಗಿ. ಹಂಗಾ ಅಚ್ಚ ಹಾಕ್ರಿ. ಆ ಐದು ಕಡಿ ನಾ ಪೆನ್ನಿಲೆ ತಿದ್ತೇನಿ," ಎಂದ.

ಮುಮತಾಜಳಿಗೂ ಅದೇ ಸರಿ ಅನ್ನಿಸಿತ್ತು. ಆದರೆ ಸಾಬವ್ವ ಪರದೆಯನ್ನೇ ನೋಡುತ್ತಿದ್ದಳು. ಓದಲು ಬಾರದ ಆ ಸಾಲುಗಳ ಮೇಲೆ ಅವಳ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿತ್ತು.

"ಎಲ್ಲಾ ಅಕ್ಷರಾ ಅಚ್ಚಿನ್ಯಾಗ ಕುಂತಾವ," ಎಂದಳು. "ಇದೊಂದಾ ಯಾಕ ಹೊರಗ ನಿಲ್ಲಬೇಕು?"

ಹಣಮಂತ್ರಾಯ ದಾರ ಸುತ್ತುವುದನ್ನು ನಿಲ್ಲಿಸಿ ಮತ್ತೆ ಸುತ್ತತೊಡಗಿದ.

*

ಮರುದಿನ ಮಧ್ಯಾಹ್ನ ಮುಮತಾಜ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿಗೆ ಹೋದಳು. ಪ್ಯಾಕೇಜಿನ ಡಬ್ಬದ ಮೇಲಿದ್ದ ಪುಣೆಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಹಿಂದಿಯಲ್ಲಿ ಬಾಯಿಪಾಠ ಮಾಡಿದ್ದಳು. ಫೋನು ಹತ್ತಿದಾಗ ಅದೆಲ್ಲ ಮರೆತುಹೋಯಿತು.

ಎತ್ತಿದವನು ಕೆಮ್ಮುತ್ತಿದ್ದ. ಅವಳು ತಡವರಿಸಿ ಹೇಳಿದ್ದನ್ನು ಕೇಳಿಸಿಕೊಂಡು, ಎಲ್ಲೋ ಹಾಳೆ ತಿರುವಿದ ಸದ್ದು ಮಾಡಿ ಹಿಂದಿಯಲ್ಲೇ ಹೇಳಿದ: "ಅದು ದೋಷ ಅಲ್ಲ ತಾಯಿ, ಸೌಲಭ್ಯ. ಕೈತಪ್ಪಿ ಖ ಒತ್ತಿದರೆ ಕ ಆಗಲಿ ಎಂದು ಹಿಂದೆ ಇದ್ದವರು ಮಾಡಿಟ್ಟಿದ್ದಾರೆ. ಕನ್ನಡದಲ್ಲಿ ಅಂಥ ಜೋಡಿ ಇಲ್ಲ ಎಂದು ಬರೆದಿದ್ದಾರೆ."

"ಇದೆ," ಎಂದಳು ಮುಮತಾಜ. ಅಂದದ್ದೇ ಹೆದರಿಕೆಯಾಯಿತು. "ಇದೆ ಅಂತ ಕಾಣುತ್ತದೆ. ನಿಮ್ಮ ಕನ್ನಡದವರನ್ನು ಒಮ್ಮೆ ಕೇಳಿ ನೋಡುತ್ತೀರಾ?"

"ಕನ್ನಡದವರು ಕೆಲಸ ಬಿಟ್ಟು ಹೋದರು. ನನಗೆ ಕನ್ನಡ ಓದಲು ಬರುವುದಿಲ್ಲ. ಎಲ್ಲಿ ಬೇಕು ನಿಮಗೆ ಇದು? ಪತ್ರಿಕೆಗಾ, ಪುಸ್ತಕಕ್ಕಾ?"

"ಒಂದು ಹಾಳೆಗೆ."

"ಒಂದು ಹಾಳೆಗೆ," ಎಂದ ಅವನು. ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ವಿವರಿಸಿದ. ಅಕ್ಷರಗಳಿಗೆ ಪ್ಯಾಕೇಜಿನಲ್ಲಿ ಇಷ್ಟೇ ಮನೆ ಎಂದಿದೆ. ಎಲ್ಲ ಮನೆಯೂ ತುಂಬಿದೆ. ಆ ಒತ್ತಿಗೆ ಮನೆಯೇ ಇಲ್ಲ, ಅದಕ್ಕೇ ಕ ಬಂದು ಕೂಡುತ್ತದೆ. ಹೊಸಬರು ಬರಬೇಕಾದರೆ ಯಾರನ್ನಾದರೂ ಏಳಿಸಬೇಕು. "ಯಾರನ್ನು ಏಳಿಸಲಿ, ನೀವೇ ಹೇಳಿ. ಓದಲು ಬರುವವರು ನೀವು."

ಮುಮತಾಜ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಯಾರೋ ಎಂದಾದರೂ ಬಳಸುವ ಅಕ್ಷರವನ್ನು ತಾನು ತೆಗೆಸಿಬಿಟ್ಟರೆ? ಯಾವ ಊರಿನಲ್ಲೋ ಯಾರದೋ ಹೆಸರು ಕೆಟ್ಟರೆ? "ನಾಳೆ ಹೇಳಲೇ?" ಎಂದಳು.

"ಕಾಗದದಲ್ಲೇ ತಿಳಿಸಿ. ಆಕಾರವನ್ನೂ ಬರೆದು ಕಳಿಸಿ, ದೊಡ್ಡದಾಗಿ. ನಾನು ನೋಡಿ ಬಿಡಿಸಬೇಕಲ್ಲ." ಫೋನು ಇಡುವ ಮೊದಲು ಕೇಳಿದ: "ನನ್ನ ಕಿವಿಗಾದರೂ ಗೊತ್ತಿರಲಿ. ಯಾವ ಶಬ್ದದಲ್ಲಿ ಬರುತ್ತದೆ?"

ಸಿಕ್ಖಾ ಎಂದು ಹೇಳಬೇಕೆಂದಿದ್ದವಳ ಬಾಯಲ್ಲಿ ಬಂದದ್ದು, "ಮಕ್ಖಿ."

ಆ ಕಡೆ ಕೆಮ್ಮೋ ನಗುವೋ ಕೇಳಿಸಿತು.

ಅಂಗಡಿಗೆ ಬಂದು ಅವಳು ಅಕ್ಷರಮಾಲೆಯ ತಖ್ತೆಯನ್ನು ಮುಂದೆ ಹಾಕಿಕೊಂಡು ಕೂತಳು. ಬೆರಳು ಒಂದೊಂದರ ಮೇಲೆ ನಿಂತು ಮುಂದೆ ಹೋಯಿತು. ೠ ಎಂಬಲ್ಲಿ ನಿಂತಿತು. ಋ ಅಕ್ಷರದ ಮುಂದೆ ಕೂತ, ಬಾಲ ಎಳೆದ ದೀರ್ಘ ಋ.

"ಕಾಕಾ, ಇದನ್ನ ಯಾರರ ಅಚ್ಚಿಗಿ ಕೊಟ್ಟಿದ್ರೇನ್ರಿ?"

ಹಣಮಂತ್ರಾಯ ಕನ್ನಡಕ ಏರಿಸಿಕೊಂಡು ನೋಡಿದ. "ಈ ಅಕ್ಷರಕ್ಕ ನಾ ಶಾಲ್ಯಾಗ ಬೆತ್ತದ ಪೆಟ್ಟ ತಿಂದೇನಿ. ಬಾಲಾ ಯಾವ ಕಡಿ ಹೋಗ್ತದಂತ ಗೊತ್ತಾಗ್ತಿದ್ದಿಲ್ಲ. ಅಲ್ಲಿಂದ ಇಲ್ಲಿತನಾ ಒಬ್ಬ ಗಿರಾಕಿನೂ ಇದನ್ನ ಕೇಳಿಲ್ಲ." ತಖ್ತೆಯಿಂದ ತಲೆ ಎತ್ತಿ, "ಯಾಕ?" ಎಂದ.

ಮುಮತಾಜ ಹೇಳಿದಳು. ಅವನು ಬೈಯಬಹುದೆಂದು ಕಾದಳು. ಅವನು ಬೈಯಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋದ. ಅಲ್ಲಿ ಏನೋ ಎಳೆದ, ಏನೋ ಬಿತ್ತು, ಧೂಳಿಗೆ ಸೀನಿದ. ಬರುವಾಗ ಕೈಯಲ್ಲಿ ಅಚ್ಚಿನ ಮೊಳೆ ಇಡುವ ಮರದ ಒಂದು ಖಾನೆ ಇತ್ತು. ಎಲ್ಲ ತೂಕಕ್ಕೆ ಹಾಕಿದ್ದೇನೆ ಎನ್ನುತ್ತಿದ್ದವನು ಒಂದನ್ನು ಇಟ್ಟುಕೊಂಡಿದ್ದ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಅವನು ಮೂಲೆಯ ಸಣ್ಣ ಗೂಡಿನಲ್ಲಿ ಬೆರಳಾಡಿಸಿ ಒಂದು ಸೀಸದ ತುಣುಕನ್ನು ಎತ್ತಿ ಬೆಳಕಿಗೆ ಹಿಡಿದ. ಉಳಿದ ಮೊಳೆಗಳ ಮೂತಿ ಸವೆದು ಮೊಂಡಾಗಿದ್ದವು. ಇದೊಂದು ನಿನ್ನೆ ಎರಕ ಹೊಯ್ದ ಹಾಗೆ ಚೂಪಾಗಿತ್ತು. ಒಮ್ಮೆಯೂ ಮಸಿ ಕಂಡಿರಲಿಲ್ಲ.

"ತಗೋ. ಒತ್ತಕ್ಷರಾ. ಎರಡನೇ ಕ," ಎಂದ. ಅವನ ಬಾಯಲ್ಲಿ ಅದಕ್ಕೂ ಉಸಿರಿರಲಿಲ್ಲ. "ಸೆಟ್ಟಿನ್ಯಾಗ ಬಂದಿತ್ತು. ಹಂಗಾ ಕುಂತಿತ್ತು."

ರಬ್ಬರ್ ಮುದ್ರೆಯ ಮಸಿಪಟ್ಟಿಗೆ ಅದನ್ನು ತಾಗಿಸಿ ಬಿಳಿ ಹಾಳೆಯ ಮೇಲೆ ಒತ್ತಿದರು. ಹೆಸರುಕಾಳಿನಷ್ಟು ಚಿಕ್ಕ ಗುರುತು ಬಿತ್ತು. ಪುಟ್ಟ ಖ. ಮುಮತಾಜ ಅದರ ಪಕ್ಕದಲ್ಲಿ ಅದನ್ನೇ ಅಂಗೈಯಗಲ ಬಿಡಿಸಿದಳು. ಓದಲು ಬಾರದವನು ತಲೆಕೆಳಗು ಮಾಡಿದರೆ ಏನು ಗತಿ ಎಂದು ಅನ್ನಿಸಿ, ಮೇಲ್ಮುಖವಾಗಿ ಒಂದು ಬಾಣ ಹಾಕಿದಳು. ಬಾಣ ಸಾಲದೇನೋ ಎಂದು, ಕ ಬರೆದು ಅದರ ಕಾಲ ಕೆಳಗೆ ಇದು ಎಲ್ಲಿ ಕೂಡಬೇಕೆಂದು ಮತ್ತೊಮ್ಮೆ ಬರೆದಳು. ಏಳಿಸಬೇಕಾದ ೠ ಅನ್ನು ಕೊನೆಯಲ್ಲಿ ಬರೆದು, ಅದರ ಸುತ್ತ ಗೆರೆ ಎಳೆದಳು. ಹೊಡೆದುಹಾಕಲು ಕೈ ಬರಲಿಲ್ಲ.

ರಿಜಿಸ್ಟರ್ ಅಂಚೆಯಲ್ಲಿ ಅದು ಪುಣೆಗೆ ಹೋಯಿತು.

*

ಆಪರೇಷನ್ನಿನ ದಿನ ಹತ್ತಿರ ಬಂದರೂ ಪುಣೆಯಿಂದ ಏನೂ ಬರಲಿಲ್ಲ. ಮುಮತಾಜ ಎರಡು ಸಲ ಬೂತಿಗೆ ಹೋಗಿ ಬಂದಳು. ಒಮ್ಮೆ ಫೋನು ಹತ್ತಲಿಲ್ಲ, ಇನ್ನೊಮ್ಮೆ ಯಾರೂ ಎತ್ತಲಿಲ್ಲ. ಬಾಣವನ್ನು ಸರಿಯಾಗಿ ಹಾಕಿದ್ದೆನೋ ಇಲ್ಲವೋ ಎಂಬ ಚಿಂತೆ ಅವಳನ್ನು ರೊಟ್ಟಿ ತಟ್ಟುವಾಗಲೂ ಬಿಡಲಿಲ್ಲ.

ಸೊಲ್ಲಾಪುರದ ಬಸ್ಸಿಗೆ ಹೋಗುವ ದಾರಿಯಲ್ಲಿ ಸಾಬವ್ವ, ದತ್ತಪ್ಪ ಅಂಗಡಿಗೆ ಬಂದರು. ದತ್ತಪ್ಪನ ಹೆಗಲಲ್ಲಿ ಚಾದರ ಕಟ್ಟಿದ ಗಂಟು.

"ಬಂತೇನವ್ವಾ ನಿನ್ನ ಮಕ್ಖಿ?" ದನಿ ಈಗ ಪಿಸುಮಾತಿನಷ್ಟಾಗಿತ್ತು.

"ಇಲ್ಲ ಯವ್ವಾ." ಮುಮತಾಜ ತಲೆ ಎತ್ತಲಿಲ್ಲ. "ನಾ ಏನರ ತಪ್ಪ ಬರೆದೇನೋ ಏನೋ."

"ಬರ್ಲಿ ತಗೋ. ಪುಣೆ ದೂರದ. ನೊಣಾ ಹಾರಿ ಬರಬೇಕಲ್ಲ." ಸಾಬವ್ವ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. "ಆ ಹಾಳಿ ತೆರಿ. ಒಮ್ಮಿ ನಾ ಅದರ ಮುಂದ ಹೇಳ್ತೇನಿ. ಯಾವ ಸಾಲಿಗಿ ಬಂದೇನಿ ಅಂತ ನೀ ಬಟ್ಟ ಇಡು."

ಅವಳು ಹೇಳತೊಡಗಿದಳು. ತಲೆಯ ಮೇಲಿನ ಫ್ಯಾನಿನ ಗರಗರದಲ್ಲಿ ದನಿ ಮುಳುಗಿಹೋಗುತ್ತಿತ್ತು. ಹಣಮಂತ್ರಾಯ ಎದ್ದು ಫ್ಯಾನು ಬಂದ್ ಮಾಡಿದ. ಫಾಲ್ಗುಣದ ಸೆಕೆ ಒಮ್ಮೆಗೇ ಅಂಗಡಿಯೊಳಗೆ ಇಳಿಯಿತು. ಯಾರೂ ಹಣೆ ಒರೆಸಿಕೊಳ್ಳಲಿಲ್ಲ. ಮುಮತಾಜಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ, ಆ ಶಬ್ದ ಬಂದಲ್ಲೆಲ್ಲ ಗಾಜಿನ ಮೇಲೆ ನಿಲ್ಲುತ್ತಿತ್ತು. ಗಾಜಿನಲ್ಲಿ ಇದ್ದದ್ದು ಒಂದು, ಕಿವಿಗೆ ಬಿದ್ದದ್ದು ಇನ್ನೊಂದು. ಐದನೆಯ ಸಾಲಿಗೆ ದನಿ ಪೂರ್ತಿ ಹೋಗಿ ಬರೀ ಉಸಿರು ಉಳಿಯಿತು. ಆ ಅಕ್ಷರ ಮಾತ್ರ ಆಗಲೂ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ಬೇಕಾದದ್ದೇ ಉಸಿರು.

"ಬಸ್ ಹೋಗ್ತದ ಅಕ್ಕಾ," ಎಂದ ದತ್ತಪ್ಪ.

ಅವರು ಹೋದ ಮೇಲೆ ಹಣಮಂತ್ರಾಯ ಫ್ಯಾನು ಹಾಕುವುದನ್ನೇ ಮರೆತಿದ್ದ.

*

ಫ್ಲಾಪಿ ಬಂದದ್ದು ಯುಗಾದಿಯ ಹಿಂದಿನ ದಿನ. ಎರಡು ರಟ್ಟಿನ ತುಂಡಿನ ನಡುವೆ ಇಟ್ಟು ದಾರ ಸುತ್ತಿದ್ದರು. ಒಳಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ಫ್ಲಾಪಿಯ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಶಬ್ದ ಬರೆದಿತ್ತು: ಮಕ್ಖಿ.

ಮುಮತಾಜ ಅದನ್ನು ಸೆರಗಿನಿಂದ ಒರೆಸಿ ಒಳಗೆ ಹಾಕಿದಳು. ಯಂತ್ರ ಗೊರಗೊರ ಅಂದಿತು. ಹಳೆಯದರ ಮೇಲೆ ಹೊಸದನ್ನು ಬರೆಯಲೇ ಎಂದು ಕೇಳಿತು. ಹೌದು ಎನ್ನುವ ಮೊದಲು ಅವಳು ಯಂತ್ರದ ಬೆನ್ನ ಹಿಂದೆ ಕೈ ಹಾಕಿ ಲಾಕ್ ಮುಟ್ಟಿ ನೋಡಿದಳು. ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದಳು. ಸಾಬವ್ವನ ಹಾಳೆಯನ್ನು ತೆರೆದು, ಮೊದಲ ಸಾಲಿಗೆ ಹೋಗಿ, ತಪ್ಪು ಅಕ್ಷರವನ್ನು ಅಳಿಸಿದಳು.

ಕ ಒತ್ತಿದಳು. ಕೆಳಗೆ ಬಾ ಎನ್ನುವ ಕೀಲಿ ಒತ್ತಿದಳು. ಖ ಒತ್ತಿದಳು.

ಗೆರೆ ಮಿನುಗಿತು. ಕ ಇದ್ದಲ್ಲೇ ಇತ್ತು. ಅದರ ಕಾಲ ಕೆಳಗೆ, ಹಣಮಂತ್ರಾಯನ ಖಾನೆಯ ಮೂಲೆಯಲ್ಲಿದ್ದ ಆ ಸೀಸದ ತುಣುಕಿನದೇ ತಿರುವು, ಅದೇ ಹೊಟ್ಟೆ, ಅದೇ ಚೂಪು ತುದಿ ಹೊತ್ತು, ಪುಟ್ಟ ಖ ಬಂದು ಕೂತಿತ್ತು.

ಅವಳು ಅದನ್ನು ಅಳಿಸಿದಳು. ಮತ್ತೆ ಒತ್ತಿದಳು. ಮತ್ತೆ ಬಂತು. ದೊಡ್ಡದು ಮಾಡಿದಳು, ಪರದೆ ತುಂಬುವಷ್ಟು. ಅಷ್ಟು ದೊಡ್ಡದು ಮಾಡಿದರೂ ಅಂಚು ಒಡೆದಿರಲಿಲ್ಲ. ಓದಲು ಬಾರದ ಯಾರೋ ಒಬ್ಬರು, ತಾವು ಕಾಣದ ಊರಿಗಾಗಿ, ಒಂದು ಹಾಳೆಗಾಗಿ, ಒಂದೊಂದು ಚುಕ್ಕೆ ಇಟ್ಟು ಇದನ್ನು ತಿದ್ದಿದ್ದಾರೆ. ಎಷ್ಟು ಸಲ ಅಳಿಸಿದರೋ, ಎಷ್ಟು ಸಲ ತನ್ನ ಬಾಣವನ್ನು ನೋಡಿದರೋ. ಮುಮತಾಜಳ ಕಣ್ಣು ಉರಿಯಿತು. ಕಣ್ಣು ಮಿಟುಕಿಸಿರಲಿಲ್ಲ ಎಂದು ಆಗ ಗೊತ್ತಾಯಿತು.

"ಕಾಕಾ," ಎಂದು ಕರೆದಳು.

ಹಣಮಂತ್ರಾಯ ಬಂದು ಅವಳ ಹಿಂದೆ ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ಒಂದು ಬೆರಳನ್ನು ಪರದೆಯ ಹತ್ತಿರ ಒಯ್ದ, ಮಸಿ ಹಸಿ ಇದ್ದ ಅಚ್ಚನ್ನು ಮುಟ್ಟಿಯೂ ಮುಟ್ಟದ ಹಾಗೆ.

"ನಮ್ಮ ಮೊಳಿನಾ," ಎಂದ.

ೠ ಇದ್ದ ಕೀಲಿಯನ್ನೂ ಅವಳು ಒತ್ತಿ ನೋಡಿದಳು. ಅದು ಇರಲಿಲ್ಲ. ಅದರ ಮನೆಯಿಂದ ಹೊರಗೆ ಬಂದದ್ದು ಖ ಒತ್ತು. ಅವಳು ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿದಳು.

*

ಸಾಬವ್ವ ಬಂದಾಗ ಬಿಸಿಲು ಜೋರಾಗಿತ್ತು. ತೀರ ಇಳಿದುಹೋಗಿದ್ದಳು. ಕುತ್ತಿಗೆಗೆ ಬಿಳಿಯ ತೆಳು ಬಟ್ಟೆ ಕಟ್ಟಿತ್ತು. ಡಾಕ್ಟರು ಗಂಟಿನ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದಿದ್ದರು. ಉಸಿರಾಟಕ್ಕೆಂದು ಕುತ್ತಿಗೆಯಲ್ಲೇ ದಾರಿ ಮಾಡಿದ್ದಾರೆ ಎಂದು ದತ್ತಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಅವಳ ಉಸಿರು ಈಗ ಬಾಯಿಗೆ ಬರುತ್ತಿರಲಿಲ್ಲ. ಆ ಬಿಳಿಯ ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು.

ಮುಮತಾಜ ಮೇಜಿನ ಮೇಲೆ ಹಾಳೆಯನ್ನು ಬಿಡಿಸಿಟ್ಟಳು. ಸಾಬವ್ವ ಬುದ್ಧನ ಚಿತ್ರಕ್ಕೆ ಕೈ ಮುಗಿದು, ಅಕ್ಷರಗಳ ಮೇಲೆ ನಿಧಾನವಾಗಿ ಕೈಯಾಡಿಸಿದಳು. ನಂತರ ಮುಮತಾಜಳ ಮುಖ ನೋಡಿದಳು.

"ಓದ್ಲಿ, ಯವ್ವಾ?"

ಸಾಬವ್ವ ಬೇಡವೆಂದು ತಲೆ ಆಡಿಸಿದಳು. ಬೆರಳಿನಿಂದ ಮುಮತಾಜಳ ತುಟಿಯನ್ನೂ ಕಿವಿಯನ್ನೂ ತೋರಿಸಿ ಕೈ ಬೀಸಿದಳು.

"ನಿಮಗ ಮೊದಲಾ ಗೊತ್ತದ, ಹಾಳಿ ಇಲ್ಲಂದ್ರೂ ಉಸರು ಹಾಕ್ತೀರಿ, ಅಂತಾಳ," ಎಂದ ದತ್ತಪ್ಪ. ಈಚೆಗೆ ಅವಳ ಕೈಮಾತು ಅವನಿಗೆ ಅಭ್ಯಾಸವಾಗಿತ್ತು. "ಮತ್ತ ನಾ ಓದ್ಲೇನು ಅಕ್ಕಾ?"

ಅದಕ್ಕೂ ಬೇಡ. ಅವಳ ಬೆರಳು ಅಂಗಡಿಯ ಇನ್ನೊಂದು ಮೂಲೆಯ ಕಡೆ ತಿರುಗಿತು.

"ನಾನಾ?" ಎಂದ ಹಣಮಂತ್ರಾಯ. "ನನ್ನ ಬಾಯಾಗ ಎಲ್ಲಾ ಒಂದಾ ಅಂತ ಹೇಳೇನಲ್ಲಬೇ."

ಸಾಬವ್ವ ಹೌದೆಂದು ತಲೆ ಹಾಕಿದಳು. ಓಣಿಯ ಮಕ್ಕಳ ಬಾಯೂ ಅಂಥದೇ.

ಅವನು ಎದ್ದು ಬಂದ. ಕನ್ನಡಕ ಹುಡುಕಿಕೊಂಡ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಸಾಬವ್ವ ಅಭ್ಯಾಸಬಲದಿಂದ ಅಂಗೈ ಎತ್ತಿದಳು. ಎತ್ತಿದವಳು ಅರ್ಧಕ್ಕೇ ತಡೆದಳು. ಆ ಅಂಗೈ ಅವಳ ಎದೆಗೂ ಅವನ ಮುಖಕ್ಕೂ ನಡುವೆ, ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. ದತ್ತಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಓಣಿಯಲ್ಲಿ ಶಾಂತಲಿಂಗಪ್ಪನ ಚಹಾದಂಗಡಿಯ ಮುಂದೆ ನಾಲ್ಕು ಮಂದಿ ಕೂತಿದ್ದರು. ಅವರಲ್ಲಿ ಒಬ್ಬಿಬ್ಬರು ಈ ಕಡೆಗೇ ಮುಖ ಮಾಡಿದ್ದರು.

ಹಣಮಂತ್ರಾಯ ಹೊರಗೆ ನೋಡಿದನೋ ಇಲ್ಲವೋ. ಅವನು ಒಂದು ಹೆಜ್ಜೆ ಮುಂದೆ ಬಂದು, ಸ್ವಲ್ಪ ಬಗ್ಗಿ, ಬಾಯಿಯನ್ನು ಆ ಅಂಗೈ ಇದ್ದಲ್ಲಿಗೆ ತಂದ.

ಮೊದಲ ಸಾಲು ಓದಿದ. ಆ ಶಬ್ದ ಬಂದಾಗ ಅಭ್ಯಾಸದ ನಾಲಿಗೆ "ಸಿಕ್ಕಾ" ಎಂದೇ ಹೇಳಿತು. ಅಂಗೈ ಅಲುಗಲಿಲ್ಲ.

ಅವನು ನಿಂತ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡ. ಹಾಳೆಯನ್ನು ಹತ್ತಿರ ತಂದು, ಒಂದನೆಯ ಇಯತ್ತೆಯವನು ಓದುವ ಹಾಗೆ ಒಂದೊಂದೇ ಅಕ್ಷರ ಬಿಡಿಸತೊಡಗಿದ. ಸಿ. ಕ. ಕಣ್ಣು ಕ ಅಕ್ಷರದ ಕೆಳಗೆ ಇಳಿಯಿತು. ಅಲ್ಲಿ ಕೂತದ್ದನ್ನು ನೋಡಿತು.

"ಸಿಕ್... ಖಾ."

ಸಾಬವ್ವನ ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು, ಅಂಗೈಯಲ್ಲಿ ಬಿದ್ದದ್ದು ಹಾರಿಹೋಗಬಾರದು ಎಂಬಂತೆ. ಕುತ್ತಿಗೆಯ ಬಿಳಿಯ ಬಟ್ಟೆ ಒಂದು ಕ್ಷಣ ಏಳದೆ ಹಾಗೇ ಇತ್ತು. ಆಮೇಲೆ ಎದ್ದಿತು.

ಅವಳು ಮುಷ್ಟಿ ಬಿಚ್ಚಿ ಅಂಗೈಯನ್ನು ಮತ್ತೆ ಅವನ ಬಾಯಿಯ ಮುಂದೆ ಹಿಡಿದಳು. ಇನ್ನೂ ನಾಲ್ಕು ಸಾಲು ಇದ್ದವು.

ಆ ಹಾಳೆ ನಿಂಬರ್ಗಾದ ವಿಹಾರದ ಗೋಡೆಗೆ ಹೋಯಿತು. ಧನ್ಯವಾದ ಹೇಳಲೆಂದು ಮುಮತಾಜ ಆಮೇಲೆ ಪುಣೆಗೆ ಫೋನು ಹಚ್ಚಿದಾಗ ಎತ್ತಿದವರು ಬೇರೆ. ಅಂಥ ಕೆಮ್ಮಿನವರು ಇಲ್ಲಿ ಯಾರೂ ಇಲ್ಲ ಎಂದರು. ಮುಂದಿನ ಪ್ಯಾಕೇಜಿನಲ್ಲಿ ಆ ಒತ್ತು ಉಳಿಯಿತೋ, ೠ ತನ್ನ ಮನೆಗೆ ತಿರುಗಿ ಬಂತೋ, ನನಗೆ ಗೊತ್ತಿಲ್ಲ. ಅದನ್ನು ಬಿಡಿಸಿದವರು, ಫ್ಲಾಪಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದವರು ಒಬ್ಬರೇನಾ, ಅವರ ಹೆಸರೇನು, ಅದೂ ಗೊತ್ತಿಲ್ಲ.